ಓದುಗರೊಡನೆ: ಸೀಮೆಸುಣ್ಣದ ಕಡಲತಡಿಯಲ್ಲಿ ಸೈಕಲ್ ಪಯಣ

ಪ್ರಶ್ನೆ: ನಾನೂ ನನ್ನ ಪತ್ನಿಯೂ ಅರವತ್ತು ದಾಟಿದವರು. ಊರಿನಲ್ಲಿ ಪ್ರತಿದಿನ ಬೆಳಿಗ್ಗೆ ಹತ್ತು ಹನ್ನೆರಡು ಕಿಲೋಮೀಟರ್ ಸೈಕಲ್ ತುಳಿಯುವ ಅಭ್ಯಾಸವಿದೆ. ಬರುವ ಜೂನ್‌ನಲ್ಲಿ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗುವವರಿದ್ದೇವೆ. ಅಲ್ಲಿಂದ ಫ್ರಾನ್ಸಿನ ನಾರ್ಮಂಡಿ ಕರಾವಳಿಗೆ ಹೋಗಿ, ಆ ಬಿಳಿ ಪ್ರಪಾತಗಳ ಅಂಚಿನಲ್ಲಿ ವಾಹನಗಳ ಭಯವಿಲ್ಲದೆ ಸೈಕಲ್ ಸವಾರಿ ಮಾಡಬೇಕೆಂಬ ಆಸೆ. ಅಂತಹ ದಾರಿ ಇದೆಯೇ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ವಾಹನವಿಲ್ಲದ ದಾರಿ ಇದೆ, ಬಿಳಿ ಪ್ರಪಾತಗಳೂ ಇವೆ, ಆದರೆ ಅವೆರಡೂ ಒಂದೇ ಕಡೆ ಇಲ್ಲ. ಇದನ್ನು ಮೊದಲೇ ತಿಳಿದು ಹೊರಟರೆ ನಿಮ್ಮ ಪ್ರವಾಸ ಸೊಗಸಾಗಿರುತ್ತದೆ. ತಿಳಿಯದೆ ನಕ್ಷೆಯಲ್ಲಿ ಕಡಲಂಚಿನ ಗೆರೆಯನ್ನು ನೋಡಿಕೊಂಡು ಹೊರಟವರು ಮೊದಲ ದಿನವೇ ದಣಿದುಹೋಗುತ್ತಾರೆ.

ಲೆ ಹಾವ್ರ್‌ನಿಂದ ಲೆ ತ್ರೆಪೋರ್‌ವರೆಗೆ ಸುಮಾರು 130 ಕಿ.ಮೀ. ಹಬ್ಬಿರುವ ಈ ಕರಾವಳಿಗೆ ಬಿಳಿಯ ಬಣ್ಣದಿಂದಾಗಿ ಅಲಬಾಸ್ಟರ್ ಕರಾವಳಿ ಎಂಬ ಹೆಸರು ಬಂದಿದೆ. ಆದರೆ ಅಲ್ಲಿರುವುದು ಅಲಬಾಸ್ಟರ್ ಎಂಬ ಬಿಳಿ ಶಿಲೆಯಲ್ಲ, ಅಪ್ಪಟ ಸೀಮೆಸುಣ್ಣದ ಕಲ್ಲು. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ ಸಮುದ್ರದ ತಳದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಸುಣ್ಣದ ಚಿಪ್ಪುಗಳು ಪದರ ಪದರವಾಗಿ ಕೂಡಿ ಆದ ಕಲ್ಲು ಇದು. ಫ್ರಾನ್ಸಿಗೂ ಇಂಗ್ಲೆಂಡಿಗೂ ನಡುವಿನ ಇಂಗ್ಲಿಷ್ ಕಾಲುವೆ ಎಂಬ ಕಡಲಿನ ಆಚೆ ದಡದಲ್ಲಿ, ಇಂಗ್ಲೆಂಡಿನ ನ್ಯೂಹೇವನ್ ಬಂದರಿನ ಆಸುಪಾಸಿನಲ್ಲಿ ಕಾಣುವ ಬಿಳಿ ಗೋಡೆಗಳೂ ಇದೇ ಕಲ್ಲಿನವು. ಫ್ರಾನ್ಸಿನ ಬದಿಯಲ್ಲಿ ಈ ಗೋಡೆ ಕೆಲವೆಡೆ 100 ಮೀಟರಿಗೂ ಮಿಗಿಲಾದ ಎತ್ತರಕ್ಕೆ ಏರುತ್ತದೆ. ಮೇಲಿನಿಂದ ನೋಡಿದರೆ ನೆಲ ಸಮತಟ್ಟಾಗಿಯೇ ತೋರುತ್ತದೆಯಾದರೂ ಅದನ್ನು ಅಲ್ಲಲ್ಲಿ ಒಣ ಕಣಿವೆಗಳು ಕಡಲಿನವರೆಗೆ ಸೀಳಿವೆ. ಕಡಲಂಚನ್ನೇ ಹಿಡಿದು ಹೋಗುವವನು ಪ್ರತಿ ಕಣಿವೆಯಲ್ಲೂ ಕಡಿದಾಗಿ ಇಳಿದು, ಮತ್ತೆ ಅಷ್ಟೇ ಕಡಿದಾಗಿ ಏರಬೇಕು. ಆ ಅಂಚಿನ ಕಾಲುದಾರಿ ನಡೆಯುವವರದು, ಸೈಕಲ್ಲಿನದಲ್ಲ.

ನಿಮಗೆ ತಕ್ಕ ದಾರಿ ಇರುವುದು ಒಳನಾಡಿನಲ್ಲಿ. ಅದರ ಹೆಸರು ಅವೆನ್ಯೂ ವೆರ್ತ್, ಅಂದರೆ ಹಸಿರು ಹಾದಿ. 2012ರ ಲಂಡನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಲಂಡನ್ನಿನಿಂದ ಪ್ಯಾರಿಸ್ಸಿನವರೆಗಿನ ಸೈಕಲ್ ಮಾರ್ಗಕ್ಕೆ ಈ ಹೆಸರಿನಲ್ಲಿ ಚಾಲನೆ ಕೊಡಲಾಯಿತು. ಇಡೀ ಮಾರ್ಗ ವಾಹನರಹಿತವಲ್ಲ. ಆದರೆ ಡಿಯೆಪ್ ಪಟ್ಟಣದ ಹೊರಗಿರುವ ಆರ್ಕ್-ಲಾ-ಬತಾಯ್‌ನಿಂದ ಫೋರ್ಜ್-ಲೆಝೊವರೆಗಿನ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ಹಾದಿ ಹಿಂದೆ ಡಿಯೆಪ್‌ನಿಂದ ಪ್ಯಾರಿಸ್ಸಿಗೆ ರೈಲು ಓಡುತ್ತಿದ್ದ ಮಾರ್ಗವಾಗಿತ್ತು. ಹಳಿಗಳನ್ನು ಕಿತ್ತು, ಡಾಂಬರು ಹಾಕಿ, ಮೋಟಾರು ವಾಹನಗಳನ್ನು ಹೊರಗಿಟ್ಟಿದ್ದಾರೆ. ಇದು ರೈಲುಮಾರ್ಗವಾಗಿತ್ತೆಂಬುದೇ ನಿಮಗೆ ದೊಡ್ಡ ಅನುಕೂಲ. ಹಬೆಯಂತ್ರ ಎಳೆಯುವ ಬಂಡಿಗಳು ಕಡಿದಾದ ಏರನ್ನು ಹತ್ತಲಾರವು, ಆದ್ದರಿಂದ ಅಂದಿನ ಎಂಜಿನಿಯರರು ಬೆತೂನ್ ನದಿಯ ಕಣಿವೆಯನ್ನೇ ಹಿಡಿದು, ದಿಬ್ಬವಿದ್ದಲ್ಲಿ ಕಡಿದು, ತಗ್ಗಿದ್ದಲ್ಲಿ ಮಣ್ಣು ತುಂಬಿ, ಏರು ಗೊತ್ತೇ ಆಗದ ಹಾಗೆ ದಾರಿ ಮಾಡಿದ್ದರು. ಅವರು ರೈಲಿಗಾಗಿ ಪಟ್ಟ ಆ ಶ್ರಮದ ಫಲ ಇಂದು ಅರವತ್ತು ದಾಟಿದ ಮೊಣಕಾಲುಗಳಿಗೆ ದಕ್ಕುತ್ತಿದೆ.

ದಿನಕ್ಕೆ ಹನ್ನೆರಡು ಕಿಲೋಮೀಟರ್ ರೂಢಿ ಇರುವವರು ಅವಸರಪಡಬಾರದು. ಲಂಡನ್ನಿನಿಂದ ರೈಲಿನಲ್ಲಿ ನ್ಯೂಹೇವನ್‌ಗೆ ಬಂದು, ಅಲ್ಲಿಂದ ಸುಮಾರು ನಾಲ್ಕು ಗಂಟೆಯ ಹಡಗಿನಲ್ಲಿ ಡಿಯೆಪ್ ತಲುಪಿ, ಆ ರಾತ್ರಿ ಅಲ್ಲಿಯೇ ತಂಗಿರಿ. ಹಡಗು ಸೈಕಲ್ಲುಗಳನ್ನೂ ಒಯ್ಯುತ್ತದೆ. ಮರುದಿನ ಬಂದರಿನಿಂದ ಆರ್ಕ್‌ವರೆಗಿನ ಆರೇಳು ಕಿಲೋಮೀಟರನ್ನು ಫಲಕಗಳನ್ನು ನೋಡಿಕೊಂಡು ಕ್ರಮಿಸಬೇಕು. ಹಾದಿ ರಸ್ತೆಗಳನ್ನು ದಾಟುವ ಜಾಗಗಳನ್ನು ಬಿಟ್ಟರೆ, ಪ್ರವಾಸದಲ್ಲಿ ವಾಹನಗಳ ವಿಷಯದಲ್ಲಿ ಎಚ್ಚರ ಬೇಕಾಗಿರುವುದು ಈ ಭಾಗದಲ್ಲಿ. ಆರ್ಕ್‌ನ ಗುಡ್ಡದ ಮೇಲೆ ಪಾಳುಬಿದ್ದ ಕೋಟೆಯಿದೆ. 1589ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿ ಯುದ್ಧ ಗೆದ್ದದ್ದು ಅದರ ಕೆಳಗೆ. ಅಲ್ಲಿಂದ ನೊಶಾತೆಲ್-ಆಂ-ಬ್ರೇ ಎಂಬ ಊರಿನವರೆಗೆ ಒಂದು ದಿನ, ಅಲ್ಲಿಂದ ಫೋರ್ಜ್‌ಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ಫೋರ್ಜ್‌ನ ಚಿಲುಮೆಗಳ ನೀರು ಕುಡಿಯಲು 1633ರಲ್ಲಿ ಹದಿಮೂರನೆಯ ಲೂಯಿ ತನ್ನ ರಾಣಿಯೊಡನೆ ಬಂದು ತಂಗಿದ್ದನು. ಸಮೀಪದ ಸೆರ್ಕೋ ನಿಲ್ದಾಣದಿಂದ ರೂಆಂ ಪಟ್ಟಣಕ್ಕೆ ರೈಲು ಹಿಡಿದು, ಅಲ್ಲಿಂದ ಡಿಯೆಪ್‌ಗೆ ಮರಳಬಹುದು. ನನ್ನನ್ನು ಕೇಳಿದರೆ ಬಂದ ದಾರಿಯಲ್ಲೇ ಹಿಂದಿರುಗುವುದು ಮೇಲು, ಏಕೆಂದರೆ ಕಡಲಿನ ಕಡೆಗೆ ಬರುವಾಗ ದಾರಿ ಒಟ್ಟಾರೆ ಇಳಿಜಾರು.

ಹೋಗುವಾಗ ಒಂದು ಸಂಗತಿಯನ್ನು ಗಮನಿಸಿ. ಡಿಯೆಪ್‌ನ ಮೇಲಿನ ಬಯಲು ಗೋಧಿ, ಅಗಸೆಗಳ ತೆರೆದ ಹೊಲ. ನೊಶಾತೆಲ್ ಸಮೀಪಿಸುತ್ತಿದ್ದಂತೆ ಬೇಲಿಗಿಡಗಳ ನಡುವೆ ಹುಲ್ಲುಗಾವಲು, ಹಸುಗಳು. ಬ್ರೇ ಎಂಬ ಈ ಸೀಮೆಯಲ್ಲಿ ಭೂಮಿ ಹಿಂದೊಮ್ಮೆ ಗುಮ್ಮಟದಂತೆ ಉಬ್ಬಿ, ಉಬ್ಬಿದ ಕಡೆಯ ಸೀಮೆಸುಣ್ಣ ಸವೆದುಹೋಗಿ, ಅಡಿಯ ಜೇಡಿಮಣ್ಣು ಹೊರಗೆ ಬಂದಿದೆ. ಸೀಮೆಸುಣ್ಣ ನೀರನ್ನು ಹೀರಿಬಿಡುತ್ತದೆ, ಜೇಡಿಮಣ್ಣು ಹಿಡಿದಿಡುತ್ತದೆ. ಅದಕ್ಕೇ ಇಲ್ಲಿ ಹುಲ್ಲು, ಹುಲ್ಲಿನಿಂದ ಹಾಲು, ಹಾಲಿನಿಂದ ಹೃದಯದ ಆಕಾರದ ನೊಶಾತೆಲ್ ಚೀಸು. ಕಾರಿನಲ್ಲಿ ಹೋಗುವವರಿಗೆ ಹತ್ತು ನಿಮಿಷದಲ್ಲಿ ಕಳೆದುಹೋಗುವ ಈ ಬದಲಾವಣೆಯನ್ನು ಸೈಕಲ್ ಸವಾರನು ಒಂದು ಬೆಳಗಿನ ಉದ್ದಕ್ಕೂ ಕಣ್ತುಂಬ ನೋಡುತ್ತಾ ಹೋಗಬಹುದು.

ಪ್ರಶ್ನೆ: ನಾರ್ಮಂಡಿಯ ಕರಾವಳಿಯಲ್ಲಿ ಅಗಸೆಯ ನೀಲಿ ಹೊಲಗಳಿವೆಯೆಂದು ಕೇಳಿದ್ದೇನೆ. ಅದು ನಮ್ಮ ಅಗಸೆಯೇ? ಆ ಹೊಲಗಳ ನಡುವೆ ಸೈಕಲ್ ದಾರಿ ಇದೆಯೇ? — ಓದುಗರೊಬ್ಬರು, ವಿಜಯಪುರ

ಉತ್ತರ: ಗಿಡ ಅದೇ, ಬೆಳೆಸುವ ಉದ್ದೇಶ ಬೇರೆ. ನಿಮ್ಮ ಕಡೆ ಹಿಂಗಾರಿನಲ್ಲಿ ಬಿತ್ತಿ, ಬೀಜ ಬಡಿದು, ಎಣ್ಣೆಗೂ ಅಗಸಿ ಚಟ್ನಿಗೂ ಬಳಸುತ್ತೀರಿ. ಅಲ್ಲಿ ಬೆಳೆಯುವುದು ನಾರಿಗಾಗಿ. ಗಿಡ ಕವಲೊಡೆಯದೆ ನೇರವಾಗಿ ಎತ್ತರಕ್ಕೆ ಬೆಳೆಯಲೆಂದು ಒತ್ತೊತ್ತಾಗಿ ಬಿತ್ತುತ್ತಾರೆ. ನಾರಿನ ಉದ್ದ ಕಡಿಮೆಯಾಗಬಾರದೆಂದು ಕೊಯ್ಯದೆ ಬೇರುಸಹಿತ ಕಿತ್ತು, ಹೊಲದಲ್ಲೇ ಸಾಲಾಗಿ ಹರಡಿ, ವಾರಗಟ್ಟಲೆ ಇಬ್ಬನಿಗೂ ಮಳೆಗೂ ಬಿಸಿಲಿಗೂ ಒಡ್ಡಿ, ನಾರನ್ನು ಕಾಂಡಕ್ಕೆ ಅಂಟಿಸಿರುವ ಅಂಟು ಕೊಳೆತು ಬಿಡುವವರೆಗೆ ಕಾಯುತ್ತಾರೆ. ಕಡಲ ಗಾಳಿಯ ತೇವ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಲಿನನ್ ಬಟ್ಟೆಯ ಅಗಸೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಬೆಳೆಯುವ ದೇಶ ಫ್ರಾನ್ಸ್, ಅದರಲ್ಲಿ ಈ ಕರಾವಳಿಯ ಪಾಲು ದೊಡ್ಡದು.

ಹೊಲಗಳ ನಡುವಿನ ದಾರಿಗೆ ಅಗಸೆಯ ಹೆಸರನ್ನೇ ಇಟ್ಟಿದ್ದಾರೆ. ಅದು ಫೆಕಾಂ ಬಂದರಿನಿಂದ ಡಿಯೆಪ್ ಸಮೀಪದವರೆಗೆ ಸುಮಾರು 80 ಕಿ.ಮೀ. ಇದೆ. ಕೆಲವು ಭಾಗ ಹಳೆಯ ರೈಲುಹಾದಿಯ ಮೇಲೆ, ಉಳಿದದ್ದು ವಾಹನ ಅಪರೂಪವಾದ ಹಳ್ಳಿಯ ರಸ್ತೆಗಳ ಮೇಲೆ. ಆದ್ದರಿಂದ ಇದನ್ನು ಸಂಪೂರ್ಣ ವಾಹನರಹಿತವೆಂದು ನಂಬಿ ಹೋಗಬೇಡಿ. ಫೆಕಾಂನಿಂದಲೇ ಆರಂಭಿಸಿ, ಆ ಸೀಮೆಯ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಅದು ನಿಮ್ಮ ಬೆನ್ನಿಗಿರುತ್ತದೆ. ಬಯಲಿನಲ್ಲಿ ಎದುರುಗಾಳಿ ಒಂದು ದೊಡ್ಡ ಏರಿಗೆ ಸಮ. ಹೂವನ್ನು ನೋಡಬೇಕಾದರೆ ಜೂನ್‌ನಲ್ಲಿ, ಅದೂ ಬೆಳಿಗ್ಗೆ ಬೇಗ ಹೊರಡಬೇಕು. ಅಗಸೆಯ ಪ್ರತಿ ಹೂವೂ ಬೆಳಗಿನಲ್ಲಿ ಅರಳಿ ಮಧ್ಯಾಹ್ನದ ಹೊತ್ತಿಗೆ ದಳ ಉದುರಿಸುವುದರಿಂದ, ಒಂಬತ್ತು ಗಂಟೆಗೆ ನೀಲಿಯಾಗಿದ್ದ ಹೊಲ ಊಟ ಮುಗಿಸಿ ಬರುವಷ್ಟರಲ್ಲಿ ಬರಿಯ ಹಸಿರಾಗಿರುತ್ತದೆ. ವಿಜಯಪುರದವರಾದ ನಿಮಗೆ ಇದನ್ನು ನಾನು ಹೇಳಬೇಕಾಗಿಯೇ ಇಲ್ಲ.

ಈ ದಾರಿಯಿಂದ ತುಸು ಕಡಲ ಕಡೆಗೆ ಸರಿದು ವೋಲ್-ಲೆ-ರೋಜ್ ಎಂಬ ಹಳ್ಳಿಯನ್ನು ತಪ್ಪದೆ ನೋಡಿ. ಬಯಲಿನ ಸೀಮೆಸುಣ್ಣ ಹೀರಿಕೊಂಡ ಮಳೆನೀರು ಅಲ್ಲಿ ಚಿಲುಮೆಯಾಗಿ ಹೊರಬಂದು, ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ ಹರಿದು ಸಮುದ್ರ ಸೇರುತ್ತದೆ. ಫ್ರಾನ್ಸಿನಲ್ಲಿ ಕಡಲು ಸೇರುವ ನದಿಗಳಲ್ಲಿ ಅತಿ ಚಿಕ್ಕದೆಂದು ಅದರ ಖ್ಯಾತಿ.

ಪ್ರಶ್ನೆ: ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಹೋಗುತ್ತಿದ್ದೇವೆ. ನಿಯಮಗಳೇನು? ನಮ್ಮಲ್ಲಿ ಬ್ರಿಟನ್ನಿನ ವೀಸಾ ಇದೆ. ನಾವು ಸಸ್ಯಾಹಾರಿಗಳು. — ಓದುಗರೊಬ್ಬರು, ಮೈಸೂರು

ಉತ್ತರ: ಬ್ರಿಟನ್ನಿನ ವೀಸಾ ಫ್ರಾನ್ಸಿಗೆ ನಡೆಯುವುದಿಲ್ಲ. ಷೆಂಗೆನ್ ವೀಸಾವನ್ನು ಪ್ರತ್ಯೇಕವಾಗಿ, ಸಾಕಷ್ಟು ಮುಂಚಿತವಾಗಿ ಪಡೆಯಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಹೆಲ್ಮೆಟ್ ಕಡ್ಡಾಯ. ದೊಡ್ಡವರೂ ಹಾಕಿಕೊಳ್ಳಿ ಎಂಬುದು ನನ್ನ ಸಲಹೆ. ರಸ್ತೆ ಬದಿಯ ಪಾದಚಾರಿ ಮಾರ್ಗದ ಮೇಲೆ ಸೈಕಲ್ ಓಡಿಸುವ ಅವಕಾಶ ಎಂಟು ವರ್ಷ ತುಂಬದ ಮಕ್ಕಳಿಗೆ ಮಾತ್ರ. ಸೈಕಲ್ಲಿಗೆ ಗಂಟೆ ಇರಲೇಬೇಕು. ಊರಾಚೆ ಕತ್ತಲಾದ ಮೇಲೆ ಅಥವಾ ಮಂಜು ಕವಿದಾಗ, ಬೆಳಕನ್ನು ಪ್ರತಿಫಲಿಸುವ ಅಂಗಿ ತೊಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಹಸಿರು ಹಾದಿ ರಸ್ತೆಗಳನ್ನು ದಾಟುವ ಜಾಗಗಳದ್ದು. ನಾವು ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡಿ ಬೆಳೆದವರು. ಅಲ್ಲಿ ವಾಹನಗಳು ಬಲಬದಿಯಲ್ಲಿ ಓಡುವುದರಿಂದ ಹತ್ತಿರದ ಅಪಾಯ ಎಡದಿಂದ ಬರುತ್ತದೆ. ವಾಹನವಿಲ್ಲದ ದಾರಿಯಲ್ಲಿ ಒಂದು ಗಂಟೆ ನಿಶ್ಚಿಂತೆಯಿಂದ ಬಂದ ಮಗು ಅದೇ ಓಟದಲ್ಲಿ ರಸ್ತೆಗೆ ನುಗ್ಗಬಹುದು. ಪ್ರತಿ ದಾಟುವೆಡೆಯಲ್ಲೂ ಸೈಕಲ್ಲಿನಿಂದ ಇಳಿದು, ಮೊದಲು ಎಡಕ್ಕೆ ನೋಡಿ, ತಳ್ಳಿಕೊಂಡೇ ದಾಟುವುದನ್ನು ಮೊದಲ ದಿನದಿಂದಲೇ ರೂಢಿಮಾಡಿಸಿ.

ಊಟದ ವಿಷಯದಲ್ಲಿ ಬ್ರೆಡ್, ಹಣ್ಣು, ಸಲಾಡ್ ಎಲ್ಲೆಡೆ ಸಿಗುತ್ತವೆ. ಚೀಸನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದ ರೆನೆಟ್ ಬಳಸುವ ಪದ್ಧತಿ ಇರುವುದರಿಂದ ಕಟ್ಟುನಿಟ್ಟಿನವರು ವಿಚಾರಿಸಿ ಕೊಳ್ಳಬೇಕು. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಬುತ್ತಿಯನ್ನು ಬೆಳಿಗ್ಗೆಯೇ ಕಟ್ಟಿಕೊಳ್ಳಿ. ಪಂಕ್ಚರ್ ಸಾಮಗ್ರಿಯೂ ಜೊತೆಗಿರಲಿ. ಸೀಮೆಸುಣ್ಣದ ನಡುವೆ ಚಕಮಕಿ ಕಲ್ಲಿನ ಪದರಗಳಿದ್ದು, ಮಳೆಯ ನಂತರ ಅದರ ಚೂಪು ಚೂರುಗಳು ಹೊಲದಿಂದ ಕಿರುದಾರಿಗಳಿಗೆ ಕೊಚ್ಚಿಬರುತ್ತವೆ.

ಪ್ರಶ್ನೆ: ಈ ಬಂಡೆಗಳು ಕುಸಿಯುತ್ತವೆಯೆಂದು ಓದಿದೆ. ಹತ್ತಿರ ಹೋಗುವುದು ಸುರಕ್ಷಿತವೇ? — ಓದುಗರೊಬ್ಬರು, ಪುಣೆ

ಉತ್ತರ: ಕುಸಿಯುವುದು ನಿಜ. ಕಡಲು ಬುಡವನ್ನು ಕೊರೆಯುತ್ತದೆ, ಮಳೆನೀರು ಬಿರುಕಿಗೆ ಇಳಿಯುತ್ತದೆ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಬಿರುಕನ್ನು ಅಗಲಿಸುತ್ತದೆ. ದಂಡೆ ವರ್ಷಕ್ಕೆ ಸರಾಸರಿ ಸುಮಾರು 20 ಸೆಂ.ಮೀ. ಹಿಂದೆ ಸರಿಯುತ್ತದೆ ಎನ್ನುತ್ತಾರೆ. ಈ ಸರಾಸರಿ ನಮ್ಮನ್ನು ಮೈಮರೆಸಬಾರದು, ಏಕೆಂದರೆ ದಂಡೆ ಪ್ರತಿವರ್ಷ ಗೇಣುದ್ದ ಸವೆಯುವುದಿಲ್ಲ. ಹಲವು ವರ್ಷ ಅಲುಗದೆ ನಿಂತ ತುಂಡು ಒಂದು ದಿನ ಒಮ್ಮೆಲೇ ಕಳಚಿ ಬೀಳುತ್ತದೆ. ವರಾಂಜ್‌ವಿಲ್ ಹಳ್ಳಿಯಲ್ಲಿ ಕಡಲಂಚಿಗೇ ಇರುವ ಇಗರ್ಜಿ ಈ ಅಪಾಯದಲ್ಲಿದೆ. ಅದರ ಬಣ್ಣದ ಗಾಜಿನ ಕಿಟಕಿಯನ್ನು ರೂಪಿಸಿದ ಚಿತ್ರಕಾರ ಜಾರ್ಜ್ ಬ್ರಾಕ್ 1963ರಲ್ಲಿ ತೀರಿಕೊಂಡ ಮೇಲೆ ಅದರ ಅಂಗಳದಲ್ಲೇ ಮಣ್ಣಾದರು. ಆ ಅಂಗಳದಲ್ಲಿ ನಿಂತು ಕಡಲನ್ನು ನೋಡುವಾಗ ಮನಸ್ಸು ಭಾರವಾಗುತ್ತದೆ.

ಆದ್ದರಿಂದ ಸೈಕಲ್ಲನ್ನು ಊರಿನಲ್ಲೇ ಬೀಗ ಹಾಕಿ ನಿಲ್ಲಿಸಿ, ಗುರುತು ಹಾಕಿದ ಕಾಲುದಾರಿಯಲ್ಲಿ ಅಂಚಿನಿಂದ ದೂರವಿದ್ದು ನಡೆಯಿರಿ. ಬಂಡೆಯ ಬುಡದಲ್ಲಿ ನಡೆಯುವುದಾಗಲಿ, ಬುತ್ತಿ ಬಿಚ್ಚಿ ಕೂರುವುದಾಗಲಿ ಬೇಡ. ಕಮಾನುಗಳಿಗೆ ಹೆಸರಾದ ಎತ್ರೆತಾದಲ್ಲಿ ಉಬ್ಬರವಿಳಿತದ ವೇಳಾಪಟ್ಟಿ ನೋಡದೆ ಕೆಳಗಿಳಿದವರು ನೀರಿನ ನಡುವೆ ಸಿಕ್ಕಿಕೊಳ್ಳುತ್ತಾರೆ. ಕಡಲತೀರದ ಉರುಟು ಕಲ್ಲುಗಳನ್ನು ನೆನಪಿಗೆಂದು ತರುವುದಕ್ಕೂ ನಿಷೇಧವಿದೆ. ಅಲೆಯ ಹೊಡೆತವನ್ನು ತಾಳಿ ದಂಡೆಯನ್ನು ಕಾಯುತ್ತಿರುವುದು ಆ ಕಲ್ಲುಗಳೇ. ನಡೆಯಲು ಆಗದವರು ಬೇಸಿಗೆಯ ಸಂಜೆ ಡಿಯೆಪ್‌ನ ಕಡಲತೀರದಲ್ಲೇ ಕುಳಿತರೂ ಸಾಕು. ಆ ದಂಡೆ ವಾಯವ್ಯಕ್ಕೆ ಮುಖಮಾಡಿರುವುದರಿಂದ, ಮುಳುಗುವ ಸೂರ್ಯನ ಬೆಳಕು ಬಿಳಿಯ ಗೋಡೆಯ ಮೇಲೆ ನೇರವಾಗಿ ಬೀಳುತ್ತದೆ. ಜೂನ್‌ನಲ್ಲಿ ಆ ಬೆಳಕು ರಾತ್ರಿ ಒಂಬತ್ತು ಕಳೆದರೂ ಇರುತ್ತದೆ.