ರಿಸೆಪ್ಟರ್ ಇಲ್ಲದ ಕೋಶ ಟೆಸ್ಟೋಸ್ಟೆರಾನ್‌ಗೆ ಹೇಗೆ ಸ್ಪಂದಿಸುತ್ತೆ?

ಭ್ರೂಣದ ಎಪಿಥೀಲಿಯಂನಲ್ಲಿ (ಒಳಪದರದ ಕೋಶಗಳಲ್ಲಿ) ಆಂಡ್ರೋಜನ್ ರಿಸೆಪ್ಟರೇ, ಅಂದರೆ ಟೆಸ್ಟೋಸ್ಟೆರಾನ್‌ನಂಥ ಗಂಡು ಹಾರ್ಮೋನ್ ಹಿಡಿಯೋ ಪ್ರೋಟೀನೇ, ಕಾಣದಿದ್ದರೂ ಪ್ರಾಸ್ಟೇಟ್ ಬೆಳೆಯೋದು ಹೇಗೆ ಅಂತ ಕೇಳಿದ್ದೀರಿ. ಹಾರ್ಮೋನ್ ಮೊದಲು ತಟ್ಟೋದು ಪಕ್ಕದ ಮೆಸೆಂಕೈಮ್ (ಭ್ರೂಣದ ಆಧಾರ ಅಂಗಾಂಶ) ಬಾಗಿಲು. ಟೆಸ್ಟೋಸ್ಟೆರಾನ್ ಅಲ್ಲಿ ಡಿಎಚ್‌ಟಿ (ಡೈಹೈಡ್ರೋಟೆಸ್ಟೋಸ್ಟೆರಾನ್, ಅದರ ಹೆಚ್ಚು ಪ್ರಬಲ ರೂಪ) ಆಗಿ ರಿಸೆಪ್ಟರ್‌ಗೆ ಅಂಟುತ್ತೆ. ಅಲ್ಲಿಂದ ಹೊರಡೋ ಸಂಕೇತಗಳಿಗೆ ಎಪಿಥೀಲಿಯಂ ಮೊಗ್ಗೊಡೆಯುತ್ತೆ. ಇಲಿಯಲ್ಲಿ ಇದು ಗರ್ಭದ 17ನೇ ದಿನದ ಆಸುಪಾಸು, ಮನುಷ್ಯರಲ್ಲಿ ಸುಮಾರು 10ನೇ ವಾರ.

ಜೀವವಿಜ್ಞಾನಿ ಜೆರಾಲ್ಡ್ ಕುನ್ಹಾ ತಂಡದ ಕಸಿ ಪ್ರಯೋಗ ನೋಡಿ: ರಿಸೆಪ್ಟರ್ ಕೆಟ್ಟ ಎಪಿಥೀಲಿಯಂಗೆ ಸರಿಯಾದ ಮೆಸೆಂಕೈಮ್ ಜೋಡಿಸಿದರೆ ನಾಳಗಳು ಬರುತ್ತವೆ, ಸ್ರಾವದ ಪ್ರೋಟೀನ್ ಮಾತ್ರ ಬರಲ್ಲ. ತಿರುವುಮುರುವು ಮಾಡಿದರೆ ಮೊಗ್ಗೇ ಇಲ್ಲ. ಹಾಗಾಗಿ ಎಪಿಥೀಲಿಯಂನ ಸ್ವಂತ ರಿಸೆಪ್ಟರ್ ಬೇಕಾಗೋದು ಆಮೇಲೆ, ಸ್ರಾವಕ್ಕೆ.

ಬೆಳೆದ ಇಲಿಯ ವೃಷಣ ತೆಗೆದರೆ ಗ್ರಂಥಿ ಕುಗ್ಗುತ್ತೆ, ಹಾರ್ಮೋನ್ ಕೊಟ್ಟರೆ ಮತ್ತೆ ತುಂಬಿಕೊಳ್ಳುತ್ತೆ: ಹಾರ್ಮೋನ್ ಇಲ್ಲದೆಯೂ ಬದುಕುಳಿಯೋ ಪ್ರೊಜೆನಿಟರ್ ಕೋಶಗಳು (ಹೊಸ ಕೋಶ ಹುಟ್ಟಿಸೋ ಮೂಲಕೋಶಗಳಂಥವು) ಎಪಿಥೀಲಿಯಂನ ಬೇಸಲ್ (ತಳದ), ಲ್ಯೂಮಿನಲ್ (ನಾಳದ ಒಳಭಾಗಕ್ಕೆ ಮುಖಮಾಡಿದ) ಎರಡೂ ಪದರಗಳಲ್ಲಿವೆ.