ಸೊರಬ ಬಿಟ್ಟು ಜಿನೀವಾಕ್ಕೆ ಹೋದ ಲೇಖನ

ನಮಸ್ಕಾರ.

ನಿಮ್ಮ ‘ಮಹಾಮಾರಿ ಮತ್ತು ಜಾಗತಿಕ ನಾಯಕತ್ವ’ ಲೇಖನ ಕೈಸೇರಿ ಮೂರು ವಾರವಾಯ್ತು. ಎರಡು ಸಲ ಓದಿದೆ. ಈ ರೂಪದಲ್ಲಿ ಹಾಕಲಾರೆ. ‘ಸ್ಥಳಾವಕಾಶದ ಕೊರತೆಯಿಂದ’ ಎಂದು ಒಂದು ಕಾರ್ಡು ಗೀಚಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಹನ್ನೊಂದು ಪುಟದ ನಡುವೆ ನಾಲ್ಕು ಸಾಲು ಚೆನ್ನಾಗಿ ಬರೆದುಬಿಟ್ಟಿದ್ದೀರಿ, ಅದಕ್ಕೇ ಇಷ್ಟುದ್ದದ ಪತ್ರ.

ಮೊದಲು ತಪ್ಪು ಮುಗಿಸೋಣ. 2020ರ ಮಾರ್ಚ್ 11ರಂದು ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆ ‘ತುರ್ತು ಸ್ಥಿತಿ ಘೋಷಿಸಿತು’ ಎಂದಿದ್ದೀರಿ. ಅಲ್ಲ. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ ಅದರ ಕೈಲಿದ್ದ ದೊಡ್ಡ ಗಂಟೆಯನ್ನು, ಅಂದರೆ ಆ ತುರ್ತು ಸ್ಥಿತಿಯ ಘೋಷಣೆಯನ್ನು, ಜನವರಿ 30ಕ್ಕೇ ಬಾರಿಸಿಯಾಗಿತ್ತು. ಮಾರ್ಚ್ 11ಕ್ಕೆ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ‘ಪ್ಯಾಂಡೆಮಿಕ್’ (ಮಹಾಮಾರಿ) ಎಂಬ ಪದ ಬಾಯಿಬಿಟ್ಟು ಹೇಳಿದರು, ಅಷ್ಟೇ. ಆ ಪದಕ್ಕೆ ನಿಯಮದಲ್ಲಿ ಆಗ ಯಾವ ಬಲವೂ ಇರಲಿಲ್ಲ. ಗಂಟೆ ಕೇಳಿದ ಮೇಲೂ ಆರು ವಾರ ಎಷ್ಟೋ ಸರ್ಕಾರಗಳು ಮಗ್ಗಲು ಬದಲಿಸಿ ಮಲಗಿದ್ದವಲ್ಲ, ನಾಯಕತ್ವದ ಬಗ್ಗೆ ಬರೆಯುವವರು ಅಲ್ಲಿ ಕೂತು ಅಗೆಯಬೇಕು. ನೀವು ಒಂದು ತಪ್ಪು ತಾರೀಕಿನಲ್ಲಿ ಅದನ್ನು ನುಂಗಿ ನೀರು ಕುಡಿದಿದ್ದೀರಿ.

‘ಜಗತ್ತು ಒಂದಾಗಬೇಕು’ ಏಳು ಕಡೆ ಬಂದಿದೆ, ಎಣಿಸಿದೆ. ಒಂದಾಗಿ ಏನು ಮಾಡೋದು ಮಾರಾಯ್ರೆ? ನಿಮ್ಮೂರಲ್ಲಿ ನಾಟಿಗೆ ಮುಯ್ಯಾಳು ಹೋಗುವವರನ್ನು ನೋಡಿಲ್ಲವೇ? ಯಾರೂ ಬರೆದಿಡುವುದಿಲ್ಲ, ಆದರೂ ಲೆಕ್ಕ ಎಲ್ಲರಿಗೂ ಗೊತ್ತು: ನಮ್ಮನೆಯಿಂದ ಎರಡಾಳು ಬಂದಿದೆ, ನಿಮ್ಮನೆಯಿಂದ ಎರಡು ಬರಬೇಕು. ಯಾರು ಏನು ಕೊಟ್ಟರು, ಅವರಿಗೆ ತಿರುಗಿ ಏನು ಬಂತು ಎಂಬ ಈ ಲೆಕ್ಕ ನಿಮ್ಮ ಲೇಖನದಲ್ಲಿ ಒಂದು ಕಡೆಯೂ ಇಲ್ಲ.

ಇನ್ನು ಆ ನಾಲ್ಕು ಸಾಲು. ದರಕು (ಒಣಗಿದ ಎಲೆ) ತರಲು ಕಾಡಿಗೆ ಹೊರಟ ನಿಮ್ಮ ಅಜ್ಜಿ, ರಕ್ತ ಹೀರುವ ಉಣುಗು ಹತ್ತದಿರಲೆಂದು ಆಸ್ಪತ್ರೆಯವರು ಕೊಟ್ಟ ಡಿಎಂಪಿ ಎಣ್ಣೆಯನ್ನು ಮೊಣಕಾಲ ತನಕ ಸವರಿಕೊಳ್ಳುತ್ತಾ, “ಮಂಗಕ್ಕೂ ಒಂದು ಬಾಟ್ಲಿ ಕೊಟ್ಟಿದ್ರೆ ಆಗ್ತಿತ್ತು” ಎಂದದ್ದು. ಓದಿ ಒಬ್ಬನೇ ನಕ್ಕೆ. ಮರುಸಾಲಿನಲ್ಲೇ ನೀವು ‘ಇರಲಿ, ವಿಷಯಕ್ಕೆ ಬರೋಣ’ ಎಂದು ಹೊರಟುಬಿಟ್ಟಿರಿ. ವಿಷಯ ಅದೇ ಆಗಿತ್ತು!

ಮಂಗನ ಕಾಯಿಲೆ ಮೊದಲು ಕಂಡ ಕ್ಯಾಸನೂರು ನಿಮ್ಮದೇ ಸೊರಬ ತಾಲ್ಲೂಕು. 1957ರಲ್ಲಿ ಆ ಕಾಡಿನಲ್ಲಿ ಮುಸಿಯ, ಮಂಗ ಸತ್ತು ಬೀಳತೊಡಗಿದಾಗ ಏಷ್ಯಾ ಕಾಣದಿದ್ದ ಹಳದಿ ಜ್ವರವೇ ಕಾಲಿಟ್ಟಿತೇನೋ ಎಂದು ತಜ್ಞರು ಬೆಚ್ಚಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ಆ ಕೇಂದ್ರ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಶುರುಮಾಡಿದ್ದು. ಸಿಕ್ಕಿದ್ದು ಉಣುಗು ಹರಡುವ ಹೊಸ ವೈರಸ್, ಅದರ ದಾಯಾದಿಗಳು ರಷ್ಯಾದ ಕಾಡಿನಲ್ಲಿ. ಉತ್ತರದಿಂದ ಬರುವ ವಲಸೆ ಹಕ್ಕಿಗಳು ಉಣುಗು ಹೊತ್ತು ತಂದವೇ ಎಂದು ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಬಳಗ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಆಮೇಲೆ ಆ ಕೆಲಸಕ್ಕೆ ಅಮೆರಿಕದ ಸೇನೆಯ ದುಡ್ಡು ಸೇರಿದ್ದು ಗೊತ್ತಾಗಿ, ಎಪ್ಪತ್ತರ ದಶಕದಲ್ಲಿ ಸಂಸತ್ತಿನ ತನಕ ರಾದ್ಧಾಂತವಾಯಿತು. ಸಹಕಾರ, ಗುಮಾನಿ ಎರಡೂ ಒಂದೇ ಬುಟ್ಟಿಯಲ್ಲಿ, ಅದೂ ಸೊರಬದ ಕಾಡಿನ ನೆಪದಲ್ಲಿ. ಇದನ್ನು ಬಿಟ್ಟು ಜಿನೀವಾದ ಭಾಷಣ ತರ್ಜುಮೆ ಮಾಡುತ್ತಾ ಕೂತಿದ್ದೀರಿ.

ಇಲ್ಲಿಂದ ಎಲ್ಲಿಗೆ ಬೇಕಾದರೂ ಹಾರಿ, ಬೇಡ ಎನ್ನುವುದಿಲ್ಲ. ಇಂಡೋನೇಷ್ಯಾಕ್ಕೆ ಹೋಗಬಹುದು. 2007ರಲ್ಲಿ ಅವರು ಹಕ್ಕಿಜ್ವರದ ಮಾದರಿ ಕಳಿಸುವುದನ್ನೇ ನಿಲ್ಲಿಸಿದರು: ನಮ್ಮ ವೈರಸ್ಸಿನಿಂದ ಲಸಿಕೆ ಮಾಡಿ ನಮ್ಮ ಕೈಗೆಟುಕದ ಬೆಲೆಗೆ ಮಾರುತ್ತೀರಿ ಎಂಬ ತಕರಾರು. ಮುಯ್ಯಾಳಿನ ತಕರಾರೇ. 2011ರಲ್ಲಿ ಇನ್‌ಫ್ಲುಯೆಂಜಾ ಮಟ್ಟಿಗೆ ಒಂದು ಏರ್ಪಾಡಾಯಿತು. ನೀವು ‘ಐತಿಹಾಸಿಕ’ ಎಂದು ಚಪ್ಪಾಳೆ ತಟ್ಟಿದ, 2025ರ ಮೇ 20ರಂದು ಅಂಗೀಕಾರವಾದ ವಿಶ್ವ ಆರೋಗ್ಯ ಸಂಸ್ಥೆಯ ಮಹಾಮಾರಿ ಒಪ್ಪಂದದಲ್ಲೂ ಇದೇ ಗಂಟು. ರೋಗಾಣು ಕೊಟ್ಟವರಿಗೆ ಲಸಿಕೆಯ ಪಾಲು ಹೇಗೆ ಎಂಬುದನ್ನು ಅಂದು ಬಿಡಿಸಲಾಗದೆ ಅನುಬಂಧಕ್ಕೆ ಬಿಟ್ಟರು. ಚಪ್ಪಾಳೆಗೆ ಮುಂಚೆ ಓದುಗರಿಗೆ ಆ ಗಂಟು ತೋರಿಸಿ.

ಭಾರತವನ್ನು ‘ಜಗತ್ತಿನ ಔಷಧಾಲಯ’ ಎಂದು ಹೊಗಳಿದ್ದೀರಿ, ಹೊಗಳಿ. 2021ರಲ್ಲಿ ಎರಡನೇ ಅಲೆ ಎದ್ದಾಗ ನಾವೂ ಲಸಿಕೆಯ ರಫ್ತು ತಡೆದೆವು, ಎಲ್ಲ ದೇಶಗಳಿಗೂ ಲಸಿಕೆ ಹಂಚಲು ಹೊರಟಿದ್ದ ಕೊವ್ಯಾಕ್ಸ್ ಯೋಜನೆಯನ್ನು ನಂಬಿದ್ದ ಬಡ ದೇಶಗಳು ಬಾಗಿಲು ನೋಡುತ್ತಾ ಕೂತವು. ಮನೆಗೆ ಬೆಂಕಿ ಬಿದ್ದವನನ್ನು ಬೈಯಬೇಕಿಲ್ಲ, ಹಾಗಂತ ಮುಚ್ಚಿಡುವುದೂ ಬೇಡ.

ಹಾಗೆಯೇ ಕೊರೋನಾಕ್ಕೆ ವರ್ಷದೊಳಗೆ ಲಸಿಕೆ ಬಂತು. ಮಂಗನ ಕಾಯಿಲೆಗೆ ಇದ್ದ ಹಳೆಯದನ್ನು ಫಲ ಸಾಲದೆಂದು ನಿಲ್ಲಿಸಿದ್ದಾರೆ. 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವುಗಳಾದಾಗ ಫಲ ಕೊಡುವ ಲಸಿಕೆ ಎಷ್ಟು ಬೇಕಿತ್ತೆಂದು ಅಲ್ಲಿಯವರನ್ನು ಕೇಳಿ. ಅರವತ್ತು ವರ್ಷಗಳಾಚೆಗೂ ಯಾಕೆ ಹೀಗೆ ಎಂದು ಕೇಳಲು ನಿಮಗಿರುವ ಹಕ್ಕು ದೆಹಲಿಯ ಅಂಕಣಕಾರರಿಗಿಲ್ಲ.

ನಾಲ್ಕು ಪುಟ ಸಾಕು. ‘ಜಾಗತಿಕ’ ಎಂಬುದು ಮೂರನೇ ಸಲ ಬಂದರೆ ನಾನೇ ಕಾಟು ಹೊಡೆಯುತ್ತೇನೆ. ಅಜ್ಜಿಯಿಂದ ಶುರುಮಾಡಿ. ಅವರು ಆ ಎಣ್ಣೆ ಬಾಟ್ಲಿ ಎಲ್ಲಿಡುತ್ತಿದ್ದರು, ಖಾಲಿಯಾದ ಮೇಲೆ ಅದಕ್ಕೆ ಏನು ತುಂಬಿಸಿದರು, ಮನೆಯಲ್ಲಿ ಕೇಳಿ ಬರೆಯಿರಿ. ನವರಾತ್ರಿಯೊಳಗೆ ಕಳಿಸಿದರೆ ದೀಪಾವಳಿ ಸಂಚಿಕೆಗೆ ಆದೀತು.

ಸಂಪಾದಕ, ಸಾಗರ