ಟಿವಿ ಕುಸ್ತಿಯ (WWE) ನಾಯಕ ಜಾನ್ ಸೀನಾ ಖಳನಾದಾಗ ಮಕ್ಕಳು ಅಷ್ಟೊಂದು ಅಳೋದು ಯಾಕೆ? ಏನು ಹೇಳಬೇಕು?

ಸೋಲನ್ನು ಮಕ್ಕಳು ತಡೆದುಕೊಳ್ಳುತ್ತಾರೆ. ನಂಬಿದವನೇ ಕೈಕೊಟ್ಟರೆ ತಡೆಯಲಾರರು. 2025ರ ಮಾರ್ಚ್ 1ರಂದು ಟೊರೊಂಟೊದಲ್ಲಿ ಸೀನಾ ಇನ್ನೊಬ್ಬ ಕುಸ್ತಿಪಟು ಕೋಡಿ ರೋಡ್ಸ್‌ನನ್ನು ತಬ್ಬಿಕೊಂಡಿದ್ದ. ಕುಸ್ತಿಪಟು, ನಟ ರಾಕ್ ಕತ್ತು ಕುಯ್ಯುವ ಸನ್ನೆ ಮಾಡಿದ. ಸೀನಾನ ಮುಖದ ನಗು ಆರಿತು, ತಬ್ಬಿದವನ ತೊಡೆಸಂದಿಗೇ ಹೊಡೆದ. ಮಕ್ಕಳಿಗೆ ನಾಟೋದು ಏಟಲ್ಲ, ಆ ಅಪ್ಪುಗೆ.

ನಮ್ಮ ಕೊಪ್ಪಳ, ಬಳ್ಳಾರಿ ಕಡೆ ಜಾತ್ರೆ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು, ಅಷ್ಟೇ. ಟಿವಿ ಕುಸ್ತಿಗೆ ಮೊದಲೇ ಕಥೆ ಬರೆದಿರುತ್ತಾರೆ. ಹಾಗಂತ ಏಳೆಂಟು ವರ್ಷದ ಮಗುವಿಗೆ "ಎಲ್ಲಾ ಸುಳ್ಳು" ಅನ್ನಬೇಡಿ, ಅದರ ಅಳುವಿಗೇ ಅವಮಾನ. "ಇದು ಬಯಲಾಟ ಇದ್ದಂಗಪ್ಪ, ಈ ಸಲ ಅವಂದು ರಾವಣನ ವೇಷ" ಅನ್ನಿ, ತಕ್ಷಣ ತಿಳಿಯುತ್ತದೆ. ಕಾಯಿಲೆಯ 650ಕ್ಕೂ ಹೆಚ್ಚು ಮಕ್ಕಳ ಆಸೆ ಈಡೇರಿಸಿದವನೂ ಇವನೇ ಎಂದು ಹೇಳಿ.

ಮಗು ಅವನ ಪೋಸ್ಟರ್ ಹರಿಯಲು ಹೊರಟರೆ ಬಿಚ್ಚಿ ಮಡಚಿಡಿ. ಅದೇ ವರ್ಷದ ಆಗಸ್ಟ್‌ನಲ್ಲಿ ಸೀನಾ ಮತ್ತೆ ಒಳ್ಳೆಯವನಾದ.